ನಳಿಕೆಯ ತುದಿಯ ಅರಿಶಿನ

"ಬಂದ್ ಮಾಡ್ರಿ ಅದನ್ನ. ಒಂದು ಕಡಿ ಭಾರ ಆಗ್ಯದ."

ಬಾಗಿಲಿನಿಂದ ಬಂದ ಗಂಡಸಿನ ದನಿಗೆ ಮೌನಮ್ಮ ಮೇಜಿನ ಮೇಲೆ ತಿರುಗುತ್ತಿದ್ದ ಯಂತ್ರದಿಂದ ತಲೆ ಎತ್ತಿದಳು. ಮೊಣಕೈವರೆಗೆ ಗ್ರೀಸು, ಹೆಗಲ ಮೇಲೆ ಕೆಂಪು ಟವೆಲ್ಲು, ಕೈಯಲ್ಲಿ ಡೋಜರಿನ ಎಣ್ಣೆಯ ಕಂದು ಬಾಟಲಿ. ಯಾರಿವನು... ಪ್ರಯೋಗಾಲಯದ ಹೊಸ್ತಿಲಲ್ಲಿ ನಿಂತು ತನಗೇ ಪಾಠ ಹೇಳುತ್ತಿರುವವನು?

"ನೀವು ಡೋಜರ್ ನಡಸ್ತೀರೋ, ಇದನ್ನ ನಡಸ್ತೀರೋ?"

"ಡೋಜರ್ ರಿ. ಆದ್ರ ಕೇಳೋ ಕಿವಿ ಎರಡಕ್ಕೂ ಒಂದೇ."

ಅವಳು ಬಂದ್ ಮಾಡಲಿಲ್ಲ. ಬೇಕೆಂತಲೇ ಮಾಡಲಿಲ್ಲ.

ಹತ್ತು ಎಣಿಸುವಷ್ಟರಲ್ಲಿ ಮೇಜು ಗಡಗಡ ನಡುಗತೊಡಗಿತು. ಯಂತ್ರ ತನ್ನ ಜಾಗ ಬಿಟ್ಟು ಒಂದು ಗೇಣು ಸರಿಯಿತು. ಮೌನಮ್ಮ ಸ್ವಿಚ್ಚಿಗೆ ಕೈ ಹಾಕಿದಳು. ತಿರುಗುವುದು ನಿಂತ ಮೇಲೆ ಮುಚ್ಚಳ ತೆಗೆದು ನೋಡಿದರೆ, ಎದುರುಬದುರಿನ ಎರಡು ನಳಿಕೆಗಳಲ್ಲಿ ಒಂದು ಅರ್ಧ ಬೆರಳು ಕಡಿಮೆ ತುಂಬಿತ್ತು.

ಅವನು ನಗಲಿಲ್ಲ. ಗ್ರೀಸಿನ ಕಾಲು ಒಳಗಿಡದೆ, ಬಾಟಲಿಯನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದ.

ನಕ್ಕಿದ್ದರೆ ಬೈದು ಮರೆಯಬಹುದಿತ್ತು. ನಗಲಿಲ್ಲವಲ್ಲ... ಅದನ್ನೇ ಅವಳಿಗೆ ಕ್ಷಮಿಸಲಾಗಲಿಲ್ಲ.

ಬಾಟಲಿಯ ಮೇಲಿನ ಚೀಟಿ ಓದಿದಳು. ಡೋಜರ್ ನಂಬರ್ ಏಳು. ಆಪರೇಟರ್ ಮಾನಪ್ಪ, ರಂಗಂಪೇಟೆ.

*

ಆಗ ಕಾಲುವೆಗೆ ಇನ್ನೂ ನೀರು ಬಂದಿರಲಿಲ್ಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಕಂಟ್ರಾಕ್ಟರರ ಕ್ಯಾಂಪು. ತಗಡಿನ ಶೆಡ್ಡುಗಳು, ಡೋಜರುಗಳು, ಮಣ್ಣು ಹೊರುವ ಡಂಪರುಗಳು. ಕೃಷ್ಣೆ ಬರುವ ದಾರಿಯನ್ನು ಹಗಲೆಲ್ಲ ತೋಡುವ ಆ ಯಂತ್ರಗಳ ಹೊಟ್ಟೆಯಲ್ಲಿ ಏನಾಗಿದೆಯೆಂದು ಹೇಳುವುದು ಮೌನಮ್ಮನ ಕೆಲಸ.

ಹದಿನೈದು ದಿನಕ್ಕೊಮ್ಮೆ ಪ್ರತಿ ಇಂಜಿನ್ನಿನ ಎಣ್ಣೆ ಬಾಟಲಿಯಲ್ಲಿ ಬರುತ್ತಿತ್ತು. ತಳ ಚೂಪಾದ ಎರಡು ಗಾಜಿನ ನಳಿಕೆಗಳಿಗೆ ಅದನ್ನು ಸಮಸಮ ಸುರಿದು, ದ್ರಾವಕ ಬೆರೆಸಿ, ಯಂತ್ರದೊಳಗೆ ಒಂದರ ಎದುರು ಒಂದನ್ನಿಟ್ಟು ಮುಚ್ಚಬೇಕು. ಯಂತ್ರ ಅರವತ್ತು ಡಿಗ್ರಿಗೆ ಕಾಯುತ್ತದೆ, ಗಿರಗಿರ ತಿರುಗುತ್ತದೆ. ಎಣ್ಣೆಯಲ್ಲಿ ನೀರಿದ್ದರೆ, ಮಣ್ಣಿದ್ದರೆ ಎಲ್ಲವೂ ನಳಿಕೆಯ ಚೂಪು ತುದಿಗೆ ಇಳಿದು ಕೂರುತ್ತದೆ. ಗೆರೆ ನೋಡಿ ಬರೆದುಕೊಂಡರಾಯಿತು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಆದರೆ ಡ್ರೈವರುಗಳೆಲ್ಲ ಅದನ್ನು 'ಬಿಸಿ ಗಿರಣಿ' ಎಂದು ಕರೆಯುತ್ತಿದ್ದರು. ಇವತ್ತು ಎಷ್ಟು ಸೇರು ಬೀಸಿದಿರಿ ಬಾಯಾರ, ಎಂದು ಚೇಷ್ಟೆ ಮಾಡುತ್ತಿದ್ದರು.

ಸಗರದ ಹುಡುಗಿ, ಒಕ್ಕಲುತನದ ಮನೆಯವಳು, ಗುಲಬರ್ಗಾದಲ್ಲಿ ಬಿ.ಎಸ್ಸಿ. ಓದಿ ಬಂದಳೆಂದರೆ ಗಂಡಸರ ಯಂತ್ರಗಳ ರೋಗ ಹೇಳುತ್ತಾಳೆಯೇ? ಕ್ಯಾಂಪಿನಲ್ಲಿ ಹೀಗೆ ಕೇಳದವರಿರಲಿಲ್ಲ. ಅವಳು ಯಾರಿಗೂ ಬಾಯಿಮಾತಿನ ಉತ್ತರ ಕೊಡುತ್ತಿರಲಿಲ್ಲ. ವರದಿ ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ ಸಹಿ ಹಾಕುತ್ತಿದ್ದಳು. ಇನ್ನೊಂದು ತಿಂಗಳು ಕಳೆದರೆ ಅವಳ ಕೆಲಸ ಕಾಯಂ ಆಗುವುದಿತ್ತು.

ಮಾನಪ್ಪ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಹೊಸ್ತಿಲ ಆಚೆಯೇ ನಿಲ್ಲುತ್ತಿದ್ದ. ಉಳಿದವರ ಬಾಟಲಿಗೆ ಧೂಳು ಮೆತ್ತಿರುತ್ತಿತ್ತು. ಅವನದು ಮಾತ್ರ ಒರೆಸಿ ಸ್ವಚ್ಛ. ಎಣ್ಣೆ ತೆಗೆಯುವ ಮುಂಚೆ ಇಂಜಿನ್ನಿನ ಬಾಯನ್ನೂ ಒರೆಸುತ್ತಾನೆಂದು ಬೇರೆಯವರು ಅವನನ್ನು ಅಣಕಿಸುವುದು ಅವಳ ಕಿವಿಗೆ ಬಿದ್ದಿತ್ತು.

ಅವನ ತಂದೆ ಕೃಷ್ಣೆಯಲ್ಲಿ ಹರಗೋಲು ಹಾಕುತ್ತಿದ್ದನಂತೆ. ಒಂದು ದಿನ ತಾನಾಗಿಯೇ ಹೇಳಿದ.

"ಅಪ್ಪ ಮಂದೀನ ನದಿ ದಾಟಿಸ್ತಿದ್ದ. ನಾ ನದೀನೇ ಮಂದಿ ಮನಿಗೆ ಕರಕೊಂಡು ಬರಾಕತ್ತೇನಿ."

ಆ ಮಾತು ಮೌನಮ್ಮನ ಎದೆಯಲ್ಲಿ ಎಲ್ಲಿ ಹೋಗಿ ಕೂತಿತೋ... ಅಜ್ಜಿ ದೇವಕಮ್ಮ ಹೇಳುವ ಕತೆಗಳಲ್ಲೂ ಒಬ್ಬ ಅಂಬಿಗ ಇರುತ್ತಿದ್ದ. ರಾಜನ ಮಗಳ ಕೈಯಲ್ಲಿ ಖರೇ-ಸುಳ್ಳು ತೂಗುವ ತಕ್ಕಡಿ. ಉಂಗುರ ಕದ್ದನೆಂದು ಅಂಬಿಗನನ್ನು ಹಿಡಿದು ತಂದು ತೂಗುತ್ತಾರೆ, ತಕ್ಕಡಿ ನಿಲ್ಲುವುದೇ ಇಲ್ಲ. ಮುಂದೇನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಸಲ ಅಷ್ಟರಲ್ಲೇ ನಿದ್ದೆ ಬಂದುಬಿಡುತ್ತಿತ್ತು.

ಈಗ ಆ ಅಂಬಿಗನ ಹೆಗಲ ಮೇಲೂ ಒಂದು ಕೆಂಪು ಟವೆಲ್ಲು ಕಾಣತೊಡಗಿತ್ತು.

ಕ್ಯಾಂಪಿನ ಕಣ್ಣು ಇಂಥದನ್ನು ಬೇಗ ಹಿಡಿಯುತ್ತದೆ. ಏಳನೇ ನಂಬರಿನ ವರದಿ ಯಾವಾಗಲೂ ಚೆನ್ನಾಗಿಯೇ ಬರುತ್ತದಲ್ಲ, ಅದು ಎಣ್ಣೆಯ ಗುಣವೋ, ನೋಡುವವಳ ಗುಣವೋ ಎಂದು ಯಾರೋ ಆಡಿಕೊಂಡದ್ದು ಅವಳವರೆಗೂ ಬಂತು. ಮುಖ ಕೆಂಪಾಯಿತು. ಅಂದಿನಿಂದ ಅವನು ಬಂದರೆ ತಲೆಯೆತ್ತದೆ ಬಾಟಲಿ ತೆಗೆದುಕೊಳ್ಳತೊಡಗಿದಳು.

*

ಕಾಲುವೆಗೆ ಮೊದಲ ನೀರು ಬಿಟ್ಟ ದಿನ ಸಗರದಲ್ಲಿ ಮನೆಯೊಳಗೆ ಯಾರೂ ಉಳಿಯಲಿಲ್ಲ. ಕೊಡ, ತಂಬಿಗೆ, ಗಿಂಡಿ ಹಿಡಿದು ಹೆಂಗಸರೆಲ್ಲ ಓಡಿದರು. ಕೆಂಪು ನೀರು ನೊರೆ ಕಟ್ಟಿಕೊಂಡು ಬಂತು. ಬಾಗಿನ ಬಿಟ್ಟರು, ಅರಿಶಿನ ಕುಂಕುಮ ಏರಿಸಿದರು.

ಎರಡು ದಿನದ ನಂತರ ಮಾನಪ್ಪ ಖಾಲಿ ಬಾಟಲಿಗಾಗಿ ಬಂದ. ತಾನು ಮನೆಯಿಂದ ತಂದ ಚೀಲದಿಂದ ಒಂದನ್ನು ತೆಗೆದು ಮೌನಮ್ಮನೇ ಕೈಯಾರೆ ಕೊಟ್ಟಳು. ಅದರಲ್ಲಿ ಎಣ್ಣೆ ತುಂಬಿಕೊಂಡು ಬಂದ.

ಅವಳು ಕಾಯಿಸಿದಳು, ತಿರುಗಿಸಿದಳು, ತೆಗೆದು ನೋಡಿದಳು.

ನೀರು! ನೂರಕ್ಕೆ ಒಂದೂವರೆ ಪಾಲು.

ಮತ್ತೆ ತಿರುಗಿಸಿದಳು. ಎರಡೂ ನಳಿಕೆಗಳಲ್ಲಿ ಅದೇ ಗೆರೆ. ನೀರಿನ ಕೆಳಗೆ, ತೀರಾ ತುದಿಯಲ್ಲಿ, ಕೂದಲೆಳೆಯಷ್ಟು ಹಳದಿ ಗಸಿ. ಅದೇನೆಂದು ತಿಳಿಯಲಿಲ್ಲ. 'ಹಳದಿ ಗಸಿ' ಎಂದೇ ರಿಜಿಸ್ಟರಿನಲ್ಲಿ ಬರೆದಳು.

ವರ್ಕ್‌ಶಾಪಿನ ಮೇಲ್ವಿಚಾರಕ ಭಗವಂತರಾಯರು ರೇಡಿಯೇಟರ್ ತೆಗೆಸಿ ನೋಡಿದರು. ಎಲ್ಲೂ ಸೋರಿಕೆಯಿಲ್ಲ. ವಾರದ ಹಿಂದಷ್ಟೇ ಆ ಡೋಜರಿಗೆ ಹೊಸ ಎಣ್ಣೆ ಕೊಟ್ಟಿದ್ದರು. ಹಾಗಾದರೆ ನೀರೆಲ್ಲಿಂದ ಬಂತು? ಒಂದೇ ಅರ್ಥ. ಎಣ್ಣೆ ಕದ್ದು ಮಾರಿ, ಅಳತೆ ಸರಿದೂಗಿಸಲು ನೀರು ಹೊಯ್ದಿದ್ದಾನೆ. ಡೋಜರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ದೊಡ್ಡ ಆಫೀಸಿನಿಂದ ಕಾಗದ ಬರುವವರೆಗೆ ಯಾರೂ ಮುಟ್ಟಬಾರದೆಂದು ಎಣ್ಣೆಯ ಬಾಯಿಗೆ ಅರಗಿನ ಮುದ್ರೆ ಹಾಕಿದರು. ಮಾನಪ್ಪನ ಕೈಯಿಂದ ಕೀಲಿ ಇಸಿದುಕೊಂಡರು.

ಅವನು ಸೀದಾ ಪ್ರಯೋಗಾಲಯದ ಹೊಸ್ತಿಲಿಗೆ ಬಂದ. ಹಿಂದೆ ಏಳೆಂಟು ಆಪರೇಟರುಗಳು ಬಂದು ನಿಂತರು.

"ಇನ್ನೊಮ್ಮೆ ಎಣ್ಣಿ ತಗದು ನೋಡ್ರಿ. ಒಂದೇ ಸಲ."

ನೋಡಬೇಕೆಂದು ಅವಳ ಮನಸ್ಸು ಕೂಗಿತು. ಆದರೆ ಅವನ ಹಿಂದೆ ನಿಂತ ಅಷ್ಟೂ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಈಗ ಹ್ಞೂಂ ಅಂದರೆ... ಅವನಿಗಾಗಿ ಮಾಡಿದಳು ಎನ್ನುತ್ತಾರೆ!

"ಎರಡು ನಳಿಗಿ, ಎರಡು ಸಲ ತಿರುಗಿಸೇನಿ. ನನ್ನ ಯಂತ್ರ ಸುಳ್ಳು ಹೇಳಂಗಿಲ್ರಿ."

ಮಾನಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಾನೂ ಹೇಳಂಗಿಲ್ರಿ, ಬಾಯಾರ."

ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ರಂಗಂಪೇಟೆಗೆ ಹೋಗಿಬಿಟ್ಟ.

*

ಎಂಟು ದಿನ ಕಳೆದವು. ಶುಕ್ರವಾರ ಬೆಳಿಗ್ಗೆ ಅಜ್ಜಿ ದೇವರ ಜಗಲಿಯಿಂದ ಹಿತ್ತಾಳೆ ಗಿಂಡಿ ಎತ್ತಿಕೊಂಡು ಮೊಮ್ಮಗಳ ಅಂಗೈಗೆ ತೀರ್ಥ ಹಾಕಿದಳು. ಗಿಂಡಿಯಲ್ಲಿ ಉಳಿದದ್ದು ಅಷ್ಟೇ, ತಳದ್ದು.

ಮೌನಮ್ಮ ಕುಡಿಯಲು ಕೈ ಎತ್ತಿದವಳು ಹಾಗೇ ನಿಂತಳು.

ಅಂಗೈಯ ಗೆರೆಯಗುಂಟ ಕೂದಲೆಳೆಯಷ್ಟು ಹಳದಿ. ಅರಿಶಿನ!

ಇದನ್ನು ಎಲ್ಲೋ ನೋಡಿದ್ದೇನೆ... ಎಲ್ಲಿ?

ನಳಿಕೆಯ ತುದಿಯಲ್ಲಿ! ಅವಳು ಅಜ್ಜಿಯತ್ತ ತಿರುಗಿದಳು.

"ಅಜ್ಜಿ, ಇದು ಯಾವಾಗಿನ ನೀರು?"

"ಕಾಲಿವಿಗೆ ಕೃಷ್ಣವ್ವ ಬಂದಳಲ್ಲ, ಅವತ್ತಿಂದು."

"ಯಾತರಾಗ ತಂದಿ?"

"ನಿನ್ನ ಬಾಟ್ಲ್ಯಾಗ. ಎಲ್ಲಾರೂ ಓಡಾಕತ್ತಿದ್ರು, ಅದು ಕೈಗೆ ಸಿಕ್ತು. ಅರಿಶಿನ ಹಾಕಿ ಜಗಲಿ ಮ್ಯಾಲೆ ಇಟ್ಟಿದ್ದೆ. ಮರುದಿನ ಗಿಂಡಿಗೆ ಬಸದು, ಬಾಟ್ಲಿ ನಿನ್ನ ಚೀಲದಾಗ ಹಾಕಿದೆ. ಯಾಕವ್ವ?"

ಕ್ಯಾಂಪಿನ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಹಾಗಾಗಿ ಬಾಟಲಿಗಳನ್ನು ಮೌನಮ್ಮ ಮನೆಗೆ ತಂದು, ಒಲೆಯ ಬೂದಿ ಹಾಕಿ ಬಿಸಿನೀರಲ್ಲಿ ತೊಳೆದು, ಅಂಗಳದಲ್ಲಿ ಒಣಗಿಸುತ್ತಿದ್ದಳು. ಆ ದಿನ ಒಣಗಿಸಿದ್ದ ಹನ್ನೆರಡರಲ್ಲಿ ಒಂದು ದೇವರ ಜಗಲಿ ಏರಿ ಇಳಿದು ಬಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಎಣಿಸಿದಾಗ ಹನ್ನೆರಡೇ ಇದ್ದವು. ಕಂದು ಗಾಜು, ತಳದಲ್ಲಿ ಉಳಿದ ಒಂದು ಚಮಚ ನೀರು ಕಾಣುವುದಿಲ್ಲ. ಕೊಡುವ ಮುಂಚೆ ಬಾಟಲಿಯನ್ನು ಬೋರಲು ಹಾಕಿ ಕೂಡ ನೋಡಿರಲಿಲ್ಲ.

ಯಂತ್ರ ಸುಳ್ಳು ಹೇಳಿರಲಿಲ್ಲ. ಆ ನೀರು ಡೋಜರಿನದೂ ಆಗಿರಲಿಲ್ಲ.

ಜಗಲಿಗೆ ಒರಗಿ ಕುಳಿತುಬಿಟ್ಟಳು. ಈ ವಿಷಯ ಯಾರಿಗೆ ಗೊತ್ತಿದೆ? ಯಾರಿಗೂ ಇಲ್ಲ. ಸುಮ್ಮನಿದ್ದರೆ ಮುಂದಿನ ವಾರ ದೊಡ್ಡ ಆಫೀಸಿನ ಕಾಗದ ಬರುತ್ತದೆ. ಅವನ ಹೆಸರಿನ ಮುಂದೆ ಕಳ್ಳನೆಂಬ ಪದ ಬೀಳುತ್ತದೆ. ಕೃಷ್ಣೆಯಗುಂಟ ಇರುವ ಯಾವ ಕ್ಯಾಂಪಿನಲ್ಲೂ ಮತ್ತೆ ಕೀಲಿ ಕೊಡುವುದಿಲ್ಲ. ಇವಳು ಕಾಯಂ ಆಗುತ್ತಾಳೆ.

"ಅಜ್ಜಿ, ಆ ತಕ್ಕಡಿ ಕತಿ... ಕಡೀಕ ಏನಾತು?"

ಬೆಳಗಿನಲ್ಲಿ ಕತೆ ಕೇಳುವ ಮೊಮ್ಮಗಳನ್ನು ಅಜ್ಜಿ ವಿಚಿತ್ರವಾಗಿ ನೋಡಿದಳು. "ಏನಾಗ್ತದ? ಅಂಬಿಗನ್ನ ಒಂದು ತಟ್ಟ್ಯಾಗ ಕೂಡಿಸಿದ್ರು. ಇನ್ನೊಂದರಾಗ ಏನಿಟ್ರೂ ತಕ್ಕಡಿ ನಿಲ್ಲಲಿಲ್ಲ. ಆಮ್ಯಾಲೆ ರಾಜನ ಮಗಳು ತಾನೇ ಹೋಗಿ ಕುಂತಳು. ನಿಂತಿತು."

*

ಭಗವಂತರಾಯರು ಕೆಟ್ಟವರಲ್ಲ. ಅವಳ ಮಾತನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. ಈ ಪ್ರಯೋಗಾಲಯ ಬೇಕೆಂದು ತಾವು ಎಷ್ಟು ಜನರೊಡನೆ ಜಗಳಾಡಿದ್ದು, ಹೆಣ್ಣುಮಗಳು ಬೇಡವೆಂದವರಿಗೆ ಏನು ಹೇಳಿದ್ದು, ಎಲ್ಲ ನೆನಪಿಸಿದರು. ಕಳಿಸಿದ ವರದಿಯನ್ನು ಹಿಂದಕ್ಕೆ ಪಡೆದರೆ ಇನ್ನು ಮುಂದೆ ಯಾವ ಡ್ರೈವರ್ ತಾನೇ ವರದಿ ನಂಬುತ್ತಾನೆ ಎಂದರು.

"ನಿನ್ನ ಕಾಯಂ ಕಾಗದ ಇಲ್ಲೇ ನನ್ನ ಮೇಜಿನ ಮ್ಯಾಲದ, ತಂಗಿ."

"ಅಲ್ಲೇ ಇರಲ್ರಿ. ಮುದ್ರಿ ನೀವೇ ಹಾಕೀರಿ, ಸೋಮವಾರ ನೀವೇ ಒಡೀರಿ. ಎಲ್ಲಾರ ಮುಂದ ಇನ್ನೊಮ್ಮೆ ಎಣ್ಣಿ ತಗದು ನೋಡ್ತೀನಿ."

"ನಾ ಒಡಿಯಂಗಿಲ್ಲ ಅಂದ್ರ?"

"ದೊಡ್ಡ ಆಫೀಸಿಗೆ ಹೋಗಿ ಅವರ ಮುಂದ ಇದೇ ಮಾತು ಹೇಳ್ತೀನ್ರಿ. ಸುಳ್ಳು ವರದಿ ಮ್ಯಾಲೆ ಕುಂತು ಕಾಯಂ ಆಗೂದಕಿಂತ, ಖರೇ ವರದಿ ಬರದು ಮನಿಗೆ ಹೋಗ್ತೀನಿ."

ರಾಯರು ಕನ್ನಡಕ ಹಾಕಿಕೊಂಡು ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದರು. ಆಗಲಿ ಎನ್ನಲಿಲ್ಲ, ಬೇಡವೆಂದೂ ಎನ್ನಲಿಲ್ಲ.

ಅಲ್ಲಿಂದ ಅವಳು ಸುರಪುರದ ಬಸ್ಸು ಹತ್ತಿದಳು.

ರಂಗಂಪೇಟೆಯಲ್ಲಿ ಮಾನಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎಣ್ಣೆ ಕದ್ದವನ ಮನೆಯೇ ಎಂದು ಕೇಳಿದ ಮನುಷ್ಯನಿಗೆ, ಕದಿಯದವನ ಮನೆ ಎಂದು ಉತ್ತರ ಕೊಟ್ಟೇ ಮುಂದೆ ನಡೆದಳು.

ಅವನ ತಾಯಿ ಸುಗಲಮ್ಮ ಬಂದವಳು ಯಾರೆಂದು ತಿಳಿದರೂ ಮರ್ಯಾದೆ ಬಿಡಲಿಲ್ಲ. ಚಾಪೆ ಹಾಸಿ, ತಂಬಿಗೆ ತಂದು ಮುಂದಿಟ್ಟಳು.

"ಕುಡೀರಿ ಬಾಯಾರ. ಬರೀ ನೀರು. ಎಣ್ಣಿ ಕಲಸಿಲ್ಲ."

ಮೌನಮ್ಮ ತಲೆ ತಗ್ಗಿಸಲಿಲ್ಲ. ತಂಬಿಗೆ ಎತ್ತಿ ಪೂರ್ತಿ ಕುಡಿದಳು. ಆ ಮಾತು ತನಗೆ ಸಲ್ಲಬೇಕಾದ್ದೇ ಎಂದು ಅವಳಿಗೆ ಗೊತ್ತಿತ್ತು.

ಮಾನಪ್ಪ ಗೋಡೆಗೊರಗಿ ನಿಂತಿದ್ದ. ಅವಳು ಬಾಟಲಿಯಿಂದ ಅರಿಶಿನದವರೆಗೆ ಎಲ್ಲವನ್ನೂ ಹೇಳಿದಳು. ಅಜ್ಜಿಯ ಮೇಲೆ ತಪ್ಪು ಹೊರಿಸಲಿಲ್ಲ. ಬಾಟಲಿ ನೋಡಿ ಕೊಡುವ ಕೆಲಸ ನನ್ನದಾಗಿತ್ತು, ನಾನು ನೋಡಲಿಲ್ಲ ಎಂದಳು.

ಅವನು ಗೋಡೆ ಬಿಟ್ಟು ಮುಂದೆ ಬಂದ.

"ನಾ ಕಳ್ಳ ಅಲ್ಲ ಅಂತ ಒಂದು ಗಾಜಿನ ನಳಿಗಿ ಹೇಳಬೇಕೇನ್ರಿ? ನಾ ಬರಂಗಿಲ್ಲ. ನಿಮ್ಮ ಗಿರಣ್ಯಾಗ ನನ್ನ ಇನ್ನೊಮ್ಮೆ ಹಾಕಿ ತಿರುಗಿಸಬ್ಯಾಡ್ರಿ."

"ನಿಮ್ಮನ್ನ ಯಾರು ಕರದಾರ?" ಅವಳ ದನಿ ತಗ್ಗಲಿಲ್ಲ. "ಸೋಮವಾರದ ಪರೀಕ್ಷಾ ನಂದು. ನಿಮ್ದಲ್ಲ."

"ಮತ್ತ ಯಾಕ ಬಂದ್ರಿ?"

"ಯಾರೋ ಹೇಳಿ ನಿಮಗ ಗೊತ್ತಾಗಬಾರದಿತ್ತು. ನಾನೇ ಹೇಳಬೇಕಿತ್ತು."

ಹೊರಡಲು ಎದ್ದವಳು ಬಾಗಿಲಲ್ಲಿ ನಿಂತಳು. ಇದನ್ನು ಹೇಳದೆ ಹೋದರೆ ಹೇಳಿದ್ದೆಲ್ಲ ಅರ್ಧ ಸುಳ್ಳಾಗುತ್ತದೆ...

"ಅವತ್ತು ಇನ್ನೊಮ್ಮೆ ನೋಡ್ರಿ ಅಂದ್ರಿ. ನೋಡಬೇಕಂತ ನನಗೂ ಇತ್ತು. ಮಂದಿಗೆ ಅಂಜಿದೆ. ನಾ ನಿಮ್ಮ ಕಡಿ ವಾಲೀನಿ ಅಂತ ಆಡ್ಕೊಳಾಕತ್ತಿದ್ರು."

"ಸುಳ್ಳೇನು ಅದು?"

ಅವಳು ಹಿಂದೆ ತಿರುಗದೆ ಬಸ್‌ಸ್ಟ್ಯಾಂಡಿನತ್ತ ನಡೆದಳು. ಬಸ್ಸು ಕಾಲುವೆ ದಾಟಿದ ಮೇಲಷ್ಟೇ ಕಣ್ಣೊರೆಸಿಕೊಂಡಳು.

*

ಸೋಮವಾರ ಹತ್ತು ಗಂಟೆಗೆ ಇಡೀ ಕ್ಯಾಂಪು ಬೇವಿನ ಮರದ ಕೆಳಗಿತ್ತು. ಭಗವಂತರಾಯರು ಬಂದರು. ಯಾರೊಂದಿಗೂ ಮಾತಾಡದೆ, ತಮ್ಮ ಕೈಯಾರೆ ಮುದ್ರೆ ಒಡೆದರು.

ಮೌನಮ್ಮ ಬಾಟಲಿಯನ್ನು ಎಲ್ಲರೆದುರು ಬೋರಲು ಹಾಕಿ ತೋರಿಸಿದಳು. ಬಟ್ಟೆ ತುರುಕಿ ಒರೆಸಿ, ಬಟ್ಟೆಯನ್ನೂ ತೋರಿಸಿದಳು. ಎಣ್ಣೆ ತುಂಬಿದಳು. ಅವಳ ಕಣ್ಣು ಒಂದು ಸಲ, ಒಂದೇ ಸಲ, ದಾರಿಯತ್ತ ಹೋಯಿತು.

ಕೆಂಪು ಟವೆಲ್ಲು ಇರಲಿಲ್ಲ.

ಪ್ರಯೋಗಾಲಯದ ಬಾಗಿಲ ತುಂಬ ಜನ ನೋಡುತ್ತಿದ್ದಂತೆ ಬಿಸಿ ಗಿರಣಿ ಕಾಯಿತು, ತಿರುಗಿತು, ನಿಂತಿತು. ಅವಳು ಎರಡೂ ನಳಿಕೆಗಳನ್ನು ಬೆಳಕಿಗೆ ಹಿಡಿದಳು. ನೀರಿಲ್ಲ. ಮತ್ತೊಮ್ಮೆ ತಿರುಗಿಸಿದಳು. ಇಲ್ಲ. ಆಮೇಲೆ ಹಳೆಯ ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಕುಲುಕಿ ತಿರುಗಿಸಿದಳು. ತುದಿಯಲ್ಲಿ ನೀರು ಕೂತಿತ್ತು, ಅದರ ಕೆಳಗೆ ಹಳದಿ. ಕೃಷ್ಣೆಯ ನೀರು ಆ ಬಾಟಲಿಗೆ ಬಂದ ಬಗೆ ಹೇಳಿದಳು. ನಳಿಕೆಯನ್ನು ಕೈಯಿಂದ ಕೈಗೆ ದಾಟಿಸಿದರು. ಅರಿಶಿನ ಕಂಡದ್ದೇ ಒಬ್ಬ ಮುದಿ ಡಂಪರ್ ಡ್ರೈವರ್ ಅದನ್ನು ಕಣ್ಣಿಗೊತ್ತಿಕೊಂಡ. ಯಾರೋ ನಕ್ಕರು. ಮೌನಮ್ಮ ನಗಲಿಲ್ಲ.

ವರದಿ ಬರೆದಳು. 'ಮೊದಲಿನ ವರದಿ ತಪ್ಪು. ಬಾಟಲಿ ಪರೀಕ್ಷಿಸದೆ ಕೊಟ್ಟವಳು ನಾನು. ಇನ್ನೊಮ್ಮೆ ನೋಡಿರೆಂದು ಕೇಳಿಕೊಂಡರೂ ನೋಡದಿದ್ದವಳು ನಾನು. ಆಪರೇಟರ್ ಮಾನಪ್ಪನವರದು ಯಾವ ತಪ್ಪೂ ಇಲ್ಲ.' ಕೆಳಗೆ ಎಂದಿನ ದಪ್ಪ ಸಹಿ. ಒಂದು ಪ್ರತಿ ದೊಡ್ಡ ಆಫೀಸಿಗೆ, ಒಂದು ನೋಟೀಸ್ ಬೋರ್ಡಿಗೆ. ಯಾರೂ ಕಿತ್ತುಹಾಕದಂತೆ ನಾಲ್ಕು ಮೂಲೆಗೂ ಮೊಳೆ ಹೊಡೆದಳು.

ಸಂಜೆ ರಾಯರು ಅವಳನ್ನು ಕರೆಸಿದರು. ಮಾನಪ್ಪನನ್ನು ಕೆಲಸಕ್ಕೆ ಕರೆದು ಕಾಗದ ಹೋಗಿತ್ತು. ಅವಳ ಕಾಯಂ ಕಾಗದ ಒಂದು ವರ್ಷ ಮುಂದಕ್ಕೆ ಹೋಗಿತ್ತು.

"ಸಂಕಟ ಆಗ್ಲಿಲ್ಲೇನು?" ಎಂದು ಕೇಳಿದರು.

"ಆಗ್ಯದ್ರಿ. ಆದ್ರ ಪಶ್ಚಾತ್ತಾಪ ಆಗಿಲ್ಲ."

*

ಗುರುವಾರ. ಒಬ್ಬಳೇ ಕೂತು ನಳಿಕೆ ತುಂಬುತ್ತಿದ್ದಳು. ಏಳನೇ ನಂಬರ್ ಡೋಜರ್ ಬೆಳಿಗ್ಗೆಯೇ ಶುರುವಾದ ಸದ್ದು ಕೇಳಿತ್ತು. ಕೇಳಿಯೂ ಹೊರಗೆ ಹೋಗಿರಲಿಲ್ಲ. ಯಾವ ಮುಖ ಹೊತ್ತು ಹೋಗಲಿ...

ಹೊಸ್ತಿಲ ಮೇಲೆ ನೆರಳು ಬಿತ್ತು.

ಕೈಕಾಲು ತೊಳೆದುಕೊಂಡು ಬಂದಿದ್ದ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗ್ರೀಸಿಲ್ಲದ ಅವನ ಕೈಗಳನ್ನು ಅವಳು ನೋಡಿದ್ದು ಅದೇ ಮೊದಲು.

"ನೋಟೀಸ್ ಬೋರ್ಡ್ ಓದಿದೆ," ಎಂದ. "ಮೂರು ಸಲ."

"ಒಂದು ಸಲ ಸಾಕಿತ್ತಲ್ರಿ."

"ಎರಡು ಸಲ ಬರೋಬ್ಬರಿ ಬಂದ್ರ ಖರೇ ಅಂತ ನೀವೇ ಅಂದಿದ್ರಿ. ನನ್ನ ನಸೀಬಕ್ಕ ಇರಲಿ ಅಂತ ಇನ್ನೊಮ್ಮೆ ಓದಿದೆ."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಕಣ್ಣು ತುಂಬಿತು.

"ಸೋಮವಾರ ಬರಲಿಲ್ಲ ನೀವು."

"ಬಂದಿದ್ದೆ. ಕಾಲಿವಿ ಏರಿ ಮ್ಯಾಲೆ ಕುಂತಿದ್ದೆ. ನನ್ನ ಮಾರಿ ನೋಡಿ ನಿಮ್ಮ ಕೈ ನಡುಗಬಾರದಂತ ಕೆಳಗ ಇಳಿಲಿಲ್ಲ." ಸ್ವಲ್ಪ ತಡೆದ. "ನಮ್ಮ ಮನ್ಯಾಗ ಒಂದು ಮಾತು ಕೇಳಿದ್ದೆ. ಜವಾಬು ಬರಲಿಲ್ಲ."

ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ? ಕೇಳಲಿ. ಈ ಸಲ ಇಡೀ ಕ್ಯಾಂಪು ಕೇಳಲಿ!

"ಸುಳ್ಳಲ್ಲ," ಎಂದಳು ಮೌನಮ್ಮ. "ಮಂದಿ ಅಂದದ್ದು ಖರೇ. ವಾಲೀನಿ."

ಅವನು ಹೊಸ್ತಿಲ ಆಚೆಯೇ ನಿಂತಿದ್ದ. ಇಷ್ಟು ದಿನ ಒಮ್ಮೆಯೂ ದಾಟಿರಲಿಲ್ಲ.

"ಒಳಗ ಬರ್ರಿ," ಎಂದಳು. "ಆ ನಳಿಗಿ ಹಿಡೀರಿ. ಗೆರಿ ಮುಟ್ಟೋಮಟ ತುಂಬ್ರಿ. ಒಂದು ಹನಿ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಅವನು ದಾಟಿ ಬಂದ. ಡೋಜರಿನ ಗೇರು ಎಳೆಯುವ ಕೈ ಗಾಜನ್ನು ಹಕ್ಕಿಮರಿಯಂತೆ ಹಿಡಿಯಿತು. ಅವಳ ನಳಿಕೆಯ ಎದುರಿಗೆ ತನ್ನದನ್ನಿಟ್ಟ. ಮುಚ್ಚಳ ಮುಚ್ಚಿದಳು. ಯಂತ್ರ ತಿರುಗಿತು... ಮೇಜು ಅಲುಗಲಿಲ್ಲ.

"ಹೆಂಗದ?"

ಅವನು ಕಣ್ಣು ಮುಚ್ಚಿ ಆಲಿಸಿದ.

"ಬರೋಬ್ಬರಿ ಅದ." ಕಣ್ಣು ತೆರೆದ. "ಮೌನಾ, ಅವ್ವನ್ನ ಕರಕೊಂಡು ಸಗರಕ್ಕ ಬರ್ತೀನಿ, ಐತವಾರ. ಅಜ್ಜಿಗೆ ಒಂದು ಮಾತು ಹೇಳು."

"ಏನಂತ?"

"ಅರಿಶಿನ ಇನ್ನ ಸ್ವಲ್ಪ ಹೆಚ್ಚೇ ಇಟ್ಟಿರಲಿ ಅಂತ. ಈ ಸಲ ಬಾಟ್ಲ್ಯಾಗ ಬ್ಯಾಡ."